ಸೀಸದ ವಿಷಬಾಧೆ: ನರಮಂಡಲದ ಮೇಲಿನ ಪರಿಣಾಮಗಳು, ಇತಿಹಾಸ ಮತ್ತು ಮುನ್ನೆಚ್ಚರಿಕೆ – ಸಾರ್ವಜನಿಕರಿಗೆ ಮಾಹಿತಿ

1. ಪ್ರಸ್ತಾವನೆ

ಸೀಸವು ಮಾನವನಿಗೆ ಪ್ರಾಚೀನ ಕಾಲದಿಂದಲೂ ಪರಿಚಿತವಾಗಿರುವ ಲೋಹಗಳಲ್ಲೊಂದು. ಅದು ವಿಷಕಾರಿ ಎಂಬ ಅರಿವೂ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಹೀಗಿದ್ದರೂ ಬಣ್ಣ, ಪೆಟ್ರೋಲ್, ಪಾತ್ರೆ, ಕೊಳವೆ, ಬ್ಯಾಟರಿ ಮುಂತಾದ ರೂಪಗಳಲ್ಲಿ ಅದರ ಬಳಕೆ ಹೆಚ್ಚುತ್ತಲೇ ಬಂದಿತು. ಗಣಿ ಮತ್ತು ಕಾರ್ಖಾನೆಗಳ ಕಾರ್ಮಿಕರನ್ನು ಮಾತ್ರ ಬಾಧಿಸುತ್ತದೆ ಎಂದು ಭಾವಿಸಲಾಗಿದ್ದ ಈ ವಿಷವು ಮನೆಯೊಳಗಿನ ಮಕ್ಕಳ ಮಿದುಳಿಗೂ ಹಾನಿಯುಂಟುಮಾಡುತ್ತದೆ ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ಸ್ಪಷ್ಟವಾಯಿತು.

ಈ ಪುಟದಲ್ಲಿ ನೀಡಲಾಗಿರುವ ಮಾಹಿತಿಯ ಪೈಕಿ ಸಾರ್ವಜನಿಕರು ಮುಖ್ಯವಾಗಿ ಗಮನಿಸಬೇಕಾದ ಅಂಶ ಇಷ್ಟು: ಸೀಸದಿಂದ ಮಗುವಿನ ಮಿದುಳಿಗೆ ಆಗುವ ಹಾನಿ ಬಹುತೇಕ ಸಂದರ್ಭಗಳಲ್ಲಿ ಹೊರಗೆ ಕಾಣುವುದಿಲ್ಲ, ಮತ್ತು ಒಮ್ಮೆ ಆದ ಹಾನಿಯನ್ನು ಸರಿಪಡಿಸುವ ಔಷಧವಿಲ್ಲ. ಆದುದರಿಂದ ರೋಗಲಕ್ಷಣಗಳು ಕಾಣಿಸಿಕೊಳ್ಳಲಿ ಎಂದು ಕಾಯದೆ ಸೀಸದ ಮೂಲವನ್ನು ಗುರುತಿಸಿ ದೂರಮಾಡುವುದೇ ನಿಜವಾದ ಪರಿಹಾರವಾಗಿದೆ.

2. ಸೀಸದ ಗುಣಗಳು

ಸೀಸದ ಪರಮಾಣು ಸಂಖ್ಯೆ 82. ಅದು ನೀರಿಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು ಭಾರವಾದ, ಮೃದುವಾದ ಲೋಹ. ಸುಮಾರು 327 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಕರಗುವುದರಿಂದ ಸಾಧಾರಣ ಒಲೆಯ ಮೇಲೂ ಅದನ್ನು ಕರಗಿಸಬಹುದು. ಸುಲಭವಾಗಿ ಬಗ್ಗುವುದು, ತುಕ್ಕು ಹಿಡಿಯದಿರುವುದು ಹಾಗೂ ಅಗ್ಗವಾಗಿ ದೊರೆಯುವುದು ಅದರ ವ್ಯಾಪಕ ಬಳಕೆಗೆ ಕಾರಣವಾದವು. ಅದರ ಕೆಲವು ಸಂಯುಕ್ತಗಳು ಗಾಢವಾದ ಬಿಳಿ, ಹಳದಿ ಮತ್ತು ಕೆಂಪು ವರ್ಣಗಳನ್ನು ಕೊಡುತ್ತವೆ. ಕೆಲವು ನಾಲಗೆಗೆ ಸಿಹಿಯಾಗಿರುತ್ತವೆ.

ಕಬ್ಬಿಣ, ಸತು ಮುಂತಾದ ಲೋಹಗಳು ಅಲ್ಪ ಪ್ರಮಾಣದಲ್ಲಿ ದೇಹಕ್ಕೆ ಅವಶ್ಯಕ. ಸೀಸಕ್ಕೆ ಮಾನವ ದೇಹದಲ್ಲಿ ಯಾವುದೇ ಉಪಯುಕ್ತ ಕಾರ್ಯವಿಲ್ಲ.

3. ಸೀಸವು ದೇಹವನ್ನು ಸೇರುವ ವಿಧಾನ

ಸೀಸವು ಮುಖ್ಯವಾಗಿ ಎರಡು ಮಾರ್ಗಗಳಲ್ಲಿ ದೇಹವನ್ನು ಪ್ರವೇಶಿಸುತ್ತದೆ: ಧೂಳು ಮತ್ತು ಹೊಗೆಯ ರೂಪದಲ್ಲಿ ಉಸಿರಿನ ಮೂಲಕ, ಆಹಾರ, ನೀರು, ಮಣ್ಣು ಹಾಗೂ ಕೊಳೆಯಾದ ಕೈಗಳಿಂದ ಬಾಯಿಯ ಮೂಲಕ. ಇವುಗಳಲ್ಲದೆ, ಗರ್ಭಿಣಿಯ ರಕ್ತದಿಂದ ಗರ್ಭಸ್ಥ ಶಿಶುವಿಗೂ ಅದು ದಾಟುತ್ತದೆ.

ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದಾಗ ಚಿಕ್ಕ ಮಕ್ಕಳ ದೇಹವು ವಯಸ್ಕರಿಗಿಂತ ನಾಲ್ಕರಿಂದ ಐದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅಂಬೆಗಾಲಿಡುವ ಮಕ್ಕಳು ನೆಲದ ಮೇಲೆ ಆಡುವುದರಿಂದ, ಸಿಕ್ಕ ವಸ್ತುಗಳನ್ನು ಬಾಯಿಗಿಡುವುದರಿಂದ ಹಾಗೂ ಕೆಲವರು ಮಣ್ಣು, ಸುಣ್ಣದ ಚಕ್ಕೆ ತಿನ್ನುವುದರಿಂದ ಅವರಿಗೆ ಅಪಾಯ ಹೆಚ್ಚು. ಆಹಾರದಲ್ಲಿ ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿದ್ದಲ್ಲಿ ಸೀಸದ ಹೀರುವಿಕೆ ಇನ್ನೂ ಹೆಚ್ಚುತ್ತದೆ. ಹೀಗಾಗಿ ರಕ್ತಹೀನತೆಯಿರುವ ಬಡ ಕುಟುಂಬದ ಮಕ್ಕಳು ಎರಡು ಬಗೆಯಲ್ಲಿ ತೊಂದರೆಗೊಳಗಾಗುತ್ತಾರೆ.

ರಕ್ತಕ್ಕೆ ಸೇರಿದ ಸೀಸದ ಅರ್ಧಭಾಗ ರಕ್ತದಿಂದ ತೆರವಾಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಉಳಿದುದರಲ್ಲಿ ಬಹುಪಾಲು ಮೂಳೆ ಮತ್ತು ಹಲ್ಲುಗಳಲ್ಲಿ ಶೇಖರವಾಗಿ ದಶಕಗಳ ಕಾಲ ಅಲ್ಲಿಯೇ ಇರುತ್ತದೆ. ವಯಸ್ಕರ ದೇಹದಲ್ಲಿರುವ ಒಟ್ಟು ಸೀಸದ ಶೇಕಡ 90ಕ್ಕೂ ಹೆಚ್ಚು ಭಾಗ ಮೂಳೆಗಳಲ್ಲಿರುತ್ತದೆ. ಗರ್ಭಧಾರಣೆ, ಸ್ತನ್ಯಪಾನ ಹಾಗೂ ಮುಪ್ಪಿನ ಕಾಲದಲ್ಲಿ ಮೂಳೆಯ ಕ್ಯಾಲ್ಸಿಯಂ ಕರಗುವಾಗ ಈ ಹಳೆಯ ಸೀಸವೂ ಮತ್ತೆ ರಕ್ತಕ್ಕೆ ಬರುತ್ತದೆ. ತಾಯಿಯು ತನ್ನ ಬಾಲ್ಯದಲ್ಲಿ ಸೇವಿಸಿದ ಸೀಸವು ಈ ರೀತಿಯಲ್ಲಿ ಅವಳ ಮಗುವನ್ನು ತಲುಪುವ ಸಾಧ್ಯತೆಯಿದೆ.

4. ನರಮಂಡಲದ ಮೇಲೆ ಸೀಸದ ಪರಿಣಾಮಗಳು

4.1 ಹಾನಿಯ ಬಗೆ: ಸೀಸದ ಅಯಾನು ಕ್ಯಾಲ್ಸಿಯಂ ಅಯಾನನ್ನು ಹೋಲುವುದರಿಂದ ಜೀವಕೋಶಗಳು ಅವೆರಡರ ನಡುವೆ ವ್ಯತ್ಯಾಸ ತಿಳಿಯದೆ ಸೀಸವನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ರಕ್ತದಲ್ಲಿನ ಹಾನಿಕರ ವಸ್ತುಗಳು ಮಿದುಳಿಗೆ ಹೋಗದಂತೆ ತಡೆಯುವ ರಕ್ಷಣಾ ಪದರವನ್ನೂ ಅದು ದಾಟುತ್ತದೆ. ಒಂದು ನರಕೋಶದಿಂದ ಮತ್ತೊಂದಕ್ಕೆ ಸಂದೇಶ ಸಾಗುವುದು ಕ್ಯಾಲ್ಸಿಯಂನ ನೆರವಿನಿಂದ. ಆ ಸ್ಥಾನವನ್ನು ಸೀಸವು ಆಕ್ರಮಿಸಿದಾಗ ಅವಶ್ಯವಿದ್ದಾಗ ಸಂದೇಶ ಹೊರಡದೆ, ಅವಶ್ಯವಿಲ್ಲದಾಗ ಹೊರಡುವ ಪರಿಸ್ಥಿತಿ ಉಂಟಾಗುತ್ತದೆ. ಕಲಿಕೆ ಮತ್ತು ಜ್ಞಾಪಕಶಕ್ತಿಗೆ ಆಧಾರವಾದ ಗ್ರಾಹಕಗಳ ಕಾರ್ಯಕ್ಕೂ ಅದು ಅಡ್ಡಿಪಡಿಸುತ್ತದೆ.

ಜನನದ ನಂತರದ ಮೊದಲ ವರ್ಷಗಳಲ್ಲಿ ಮಗುವಿನ ಮಿದುಳಿನಲ್ಲಿ ನರಕೋಶಗಳ ನಡುವೆ ಅಸಂಖ್ಯಾತ ಸಂಪರ್ಕಗಳು ಏರ್ಪಡುತ್ತವೆ. ಬಳಕೆಯಾದವು ಉಳಿದು, ಬಳಕೆಯಾಗದವು ಅಳಿಯುತ್ತವೆ. ಈ ಆಯ್ಕೆ ನಡೆಯುವ ಕಾಲದಲ್ಲಿಯೇ ಸಂದೇಶಗಳು ಏರುಪೇರಾದರೆ ಮಿದುಳಿನ ರಚನೆಯಲ್ಲಿಯೇ ಕೊರತೆ ಉಳಿದುಬಿಡುತ್ತದೆ. ಅದೇ ಪ್ರಮಾಣದ ಸೀಸ ವಯಸ್ಕರಿಗಿಂತ ಮಕ್ಕಳಿಗೆ ಹೆಚ್ಚು ಹಾನಿಕರವಾಗಲು ಇದು ಮುಖ್ಯ ಕಾರಣ.

4.2 ವಯಸ್ಕರಲ್ಲಿ: ದೀರ್ಘಕಾಲ ಸೀಸಕ್ಕೆ ಒಡ್ಡಿಕೊಂಡ ವಯಸ್ಕರಲ್ಲಿ ತಲೆನೋವು, ಸಿಡುಕು, ನಿದ್ರಾಹೀನತೆ, ಮರೆವು ಹಾಗೂ ಏಕಾಗ್ರತೆಯ ಕೊರತೆ ಕಾಣಿಸಿಕೊಳ್ಳುತ್ತವೆ. ಕೈಕಾಲುಗಳ ಚಲನೆಯ ನರಗಳು ದುರ್ಬಲವಾಗಿ, ತೀವ್ರ ಪ್ರಕರಣಗಳಲ್ಲಿ ಕೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬೀಳುತ್ತದೆ. ತೀವ್ರವಾದ ಹೊಟ್ಟೆನುಲಿತ, ಮಲಬದ್ಧತೆ, ರಕ್ತಹೀನತೆ, ರಕ್ತದೊತ್ತಡದ ಏರಿಕೆ ಮತ್ತು ಮೂತ್ರಪಿಂಡಗಳ ಹಾನಿಯೂ ಉಂಟಾಗುತ್ತವೆ. ಕೆಲವರಲ್ಲಿ ಒಸಡಿನ ಅಂಚಿನಲ್ಲಿ ನೀಲಿ ಛಾಯೆಯ ಗೆರೆ ಕಂಡುಬರುತ್ತದೆ.

4.3 ಮಕ್ಕಳಲ್ಲಿ: ರಕ್ತದಲ್ಲಿ ಸೀಸವು ಅತ್ಯಧಿಕ ಪ್ರಮಾಣದಲ್ಲಿದ್ದರೆ ಮಿದುಳು ಊದಿಕೊಂಡು ವಾಂತಿ, ಮಂಪರು, ಸೆಳವು, ಪ್ರಜ್ಞಾಹೀನತೆ ಹಾಗೂ ಮರಣ ಸಂಭವಿಸಬಹುದು. ಬದುಕುಳಿದವರಲ್ಲಿ ಬುದ್ಧಿಮಾಂದ್ಯತೆ ಉಳಿಯಬಹುದು. ಕಡಿಮೆ ಪ್ರಮಾಣದಲ್ಲಿದ್ದಾಗ ಇಂತಹ ಯಾವ ಚಿಹ್ನೆಯೂ ಇರುವುದಿಲ್ಲ. ಮಗು ಆಡುತ್ತದೆ, ಉಣ್ಣುತ್ತದೆ, ಶಾಲೆಗೆ ಹೋಗುತ್ತದೆ. ಆದರೆ ಮಾತು ಕಲಿಯುವುದು ತಡವಾಗಬಹುದು, ಪಾಠದಲ್ಲಿ ಗಮನ ನಿಲ್ಲದಿರಬಹುದು, ಚಂಚಲತೆ ಮತ್ತು ಹಠ ಹೆಚ್ಚಬಹುದು. ಇದನ್ನು ಮಗುವಿನ ಸ್ವಭಾವವೆಂದೋ ಸೋಮಾರಿತನವೆಂದೋ ಭಾವಿಸಿ ಪೋಷಕರು ಮತ್ತು ಶಿಕ್ಷಕರು ದಂಡಿಸುವ ಸಂಭವವೂ ಉಂಟು.

2005ರಲ್ಲಿ ಏಳು ಅಧ್ಯಯನಗಳ 1,333 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ ಪ್ರಕಟಿಸಲಾದ ವಿಶ್ಲೇಷಣೆಯು ಒಂದು ಗಮನಾರ್ಹ ಸಂಗತಿಯನ್ನು ತೋರಿಸಿತು. ಪ್ರತಿ ಡೆಸಿಲೀಟರ್ ರಕ್ತದಲ್ಲಿ ಸೀಸದ ಪ್ರಮಾಣ 2.4ರಿಂದ 10 ಮೈಕ್ರೋಗ್ರಾಂಗೆ ಏರಿದಾಗ ಬುದ್ಧಿಶಕ್ತಿ ಸೂಚ್ಯಂಕವು ಸರಾಸರಿ 3.9 ಅಂಕ ಕುಸಿದಿತ್ತು. 10ರಿಂದ 20ಕ್ಕೆ ಏರಿದಾಗ 1.9 ಅಂಕ, 20ರಿಂದ 30ಕ್ಕೆ ಏರಿದಾಗ 1.1 ಅಂಕ ಮಾತ್ರ ಕುಸಿದಿತ್ತು. ಅಂದರೆ ಮೊದಲ ಸ್ವಲ್ಪ ಸೀಸವೇ ಹೆಚ್ಚಿನ ಹಾನಿಯನ್ನು ಮಾಡುತ್ತದೆ. ಸುರಕ್ಷಿತವೆಂದು ತಿಳಿದುಬಂದ ಯಾವ ಪ್ರಮಾಣವೂ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವಾಗಿದೆ.

5. ಇತಿಹಾಸದಲ್ಲಿ ಸೀಸದ ವಿಷಬಾಧೆ

5.1 ಪ್ರಾಚೀನ ಕಾಲ: ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಕವಿ ಹಾಗೂ ವೈದ್ಯ ನಿಕಾಂಡರ್ ಬಿಳಿ ಸೀಸದ ಸೇವನೆಯಿಂದಾಗುವ ವಿಷಬಾಧೆಯನ್ನು ವರ್ಣಿಸಿದ್ದಾನೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್, ಸೀಸದ ಕೆಲಸಗಾರರ ಮೈಬಣ್ಣ ಬಿಳಿಚಿಕೊಂಡಿರುವುದನ್ನು ಗಮನಿಸಿ, ಕುಡಿಯುವ ನೀರಿಗೆ ಸೀಸದ ಕೊಳವೆಗಳಿಗಿಂತ ಮಣ್ಣಿನ ಕೊಳವೆಗಳೇ ಲೇಸೆಂದು ಬರೆದನು. ಆದರೂ ರೋಮನ್ನರು ಸೀಸದ ಕೊಳವೆಗಳನ್ನು ಬಿಡಲಿಲ್ಲ. ದ್ರಾಕ್ಷಾರಸವನ್ನು ಸೀಸದ ಪಾತ್ರೆಗಳಲ್ಲಿ ಕುದಿಸಿ ಬತ್ತಿಸಿದ ಸಿಹಿ ಪಾಕವನ್ನು ಆಹಾರಕ್ಕೂ ಮದ್ಯಕ್ಕೂ ಬೆರೆಸುತ್ತಿದ್ದರು. ಅಂದಿನ ಕುಲುಮೆಗಳಿಂದ ಹೊರಟ ಸೀಸದ ಕುರುಹು ಗ್ರೀನ್‌ಲ್ಯಾಂಡಿನ ಹಿಮಪದರಗಳಲ್ಲಿ ಇಂದಿಗೂ ದೊರೆಯುತ್ತದೆ.

5.2 ವೃತ್ತಿಗಳ ರೋಗ: ಇಟಲಿಯ ವೈದ್ಯ ರಾಮಜ್ಜಿನಿ 1700ರಲ್ಲಿ ವೃತ್ತಿಸಂಬಂಧಿ ರೋಗಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಸೀಸದ ಮೆರುಗನ್ನು ಬಳಸುವ ಕುಂಬಾರರ ಕೈಗಳು ಮೊದಲು ನಡುಗಿ ನಂತರ ಶಕ್ತಿಗುಂದುವುದನ್ನು ದಾಖಲಿಸಿದನು. ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿ ಜನರನ್ನು ಕಾಡುತ್ತಿದ್ದ ಹೊಟ್ಟೆಶೂಲೆಗೆ ಸೇಬಿನ ಮದ್ಯ ತಯಾರಿಕೆಯಲ್ಲಿ ಬಳಸುತ್ತಿದ್ದ ಸೀಸವೇ ಕಾರಣವೆಂದು ಜಾರ್ಜ್ ಬೇಕರ್ ಎಂಬ ವೈದ್ಯ 1767ರಲ್ಲಿ ತೋರಿಸಿದನು. ಪ್ಯಾರಿಸ್ಸಿನ ಟಾಂಕರೆಲ್ ದೆ ಪ್ಲಾಂಷ್ 1839ರಲ್ಲಿ 1,200ಕ್ಕೂ ಹೆಚ್ಚು ರೋಗಿಗಳನ್ನು ಆಧರಿಸಿದ ಗ್ರಂಥವನ್ನು ಪ್ರಕಟಿಸಿದನು. ಈ ಕಾಲದವರೆಗೂ ಗಮನ ಹರಿದದ್ದು ಹೊಟ್ಟೆಶೂಲೆ, ಪಾರ್ಶ್ವವಾಯು ಮುಂತಾದ ಕಣ್ಣಿಗೆ ಕಾಣುವ ಲಕ್ಷಣಗಳ ಕಡೆಗೆ ಮಾತ್ರ.

5.3 ಬಣ್ಣ ಮತ್ತು ಮಕ್ಕಳು: ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 1890ರ ದಶಕದಲ್ಲಿ ಮಕ್ಕಳು ಈ ರೋಗಕ್ಕೆ ತುತ್ತಾಗಿರುವುದು ಕಂಡುಬಂದಿತು. ಮಕ್ಕಳಿಗೂ ಕಾರ್ಖಾನೆಗೂ ಸಂಬಂಧವಿಲ್ಲದ ಕಾರಣ ಮೂಲವನ್ನು ಪತ್ತೆಹಚ್ಚಲು ವರ್ಷಗಳೇ ಹಿಡಿದವು. 1904ರಲ್ಲಿ ಬ್ರಿಸ್ಬೇನಿನ ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್, ಮನೆಯ ಜಗಲಿಯ ಕಟಕಟೆಗೆ ಬಳಿದ ಬಣ್ಣವು ಬಿಸಿಲಿಗೆ ಪುಡಿಯಾಗಿ ಮಕ್ಕಳ ಬೆರಳುಗಳಿಂದ ಬಾಯಿಗೆ ಸೇರುತ್ತಿದೆ ಎಂದು ವಿವರಿಸಿದನು. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಕಟ್ಟಡಗಳ ಒಳಭಾಗಕ್ಕೆ ಬಿಳಿ ಸೀಸದ ಬಣ್ಣ ಬಳಿಯುವುದನ್ನು ನಿಷೇಧಿಸುವ ಒಪ್ಪಂದವನ್ನು ಅಂಗೀಕರಿಸಿತು. ಅಮೆರಿಕದಲ್ಲಿ ಮನೆಗಳ ಬಣ್ಣದಲ್ಲಿ ಸೀಸದ ಬಳಕೆಗೆ ನಿಷೇಧ ಬಂದದ್ದು 1978ರಲ್ಲಿ. ಗಿಬ್ಸನ್‌ನ ವರದಿಗೂ ಈ ನಿಷೇಧಕ್ಕೂ ನಡುವೆ 74 ವರ್ಷಗಳು ಕಳೆದಿದ್ದವು.

5.4 ಪೆಟ್ರೋಲ್: ಎಂಜಿನ್ನಿನ ಬಡಿತವನ್ನು ತಡೆಯಲು ಪೆಟ್ರೋಲಿಗೆ ಟೆಟ್ರಾಈಥೈಲ್ ಸೀಸವನ್ನು ಬೆರೆಸಬಹುದೆಂದು ಅಮೆರಿಕದ ಥಾಮಸ್ ಮಿಜ್ಲಿ 1921ರಲ್ಲಿ ಕಂಡುಕೊಂಡನು. 1923ರಲ್ಲಿ ಮಾರಾಟ ಆರಂಭವಾಯಿತು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಘಟಕವೊಂದರಲ್ಲಿ ಐವರು ಕಾರ್ಮಿಕರು ಭ್ರಮೆ, ಉನ್ಮಾದ ಮತ್ತು ಸೆಳವುಗಳಿಗೆ ಒಳಗಾಗಿ ಮೃತಪಟ್ಟರು. 1925ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಸಭೆಯಲ್ಲಿ ವೃತ್ತಿರೋಗ ತಜ್ಞೆ ಆಲಿಸ್ ಹ್ಯಾಮಿಲ್ಟನ್ ಮುಂತಾದವರು ಸಾರ್ವಜನಿಕರಿಗಾಗುವ ಅಪಾಯದ ಬಗ್ಗೆ ಎಚ್ಚರಿಸಿದರು. ಆದರೆ ನಿಷೇಧಕ್ಕೆ ತಕ್ಕ ಕಾರಣ ಕಂಡುಬರಲಿಲ್ಲವೆಂದು 1926ರಲ್ಲಿ ತೀರ್ಮಾನವಾಗಿ ಬಳಕೆ ಮುಂದುವರಿಯಿತು. ಮುಂದಿನ ದಶಕಗಳಲ್ಲಿ ಪ್ರಪಂಚದ ಬಹುತೇಕ ನಗರಗಳ ಗಾಳಿ ಮತ್ತು ರಸ್ತೆಬದಿಯ ಮಣ್ಣಿಗೆ ಸೀಸ ಸೇರಿತು.

5.5 ಕಾಣದ ಹಾನಿಯ ಅರಿವು: ಭೂಮಿಯ ವಯಸ್ಸನ್ನು ಸುಮಾರು 455 ಕೋಟಿ ವರ್ಷಗಳೆಂದು ನಿರ್ಧರಿಸಿದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್, ತಮ್ಮ ಪ್ರಯೋಗಾಲಯದಲ್ಲಿ ಎಲ್ಲೆಲ್ಲೂ ಸೀಸದ ಬೆರಕೆ ಕಂಡುದರಿಂದ ಅದರ ಮೂಲವನ್ನು ಅರಸಿದರು. ಜನಸಾಮಾನ್ಯರ ದೇಹದಲ್ಲಿರುವ ಸೀಸವು ಸಹಜ ಪ್ರಮಾಣಕ್ಕಿಂತ ಬಹುಪಟ್ಟು ಹೆಚ್ಚಾಗಿದೆಯೆಂದು 1965ರಲ್ಲಿ ಪ್ರಕಟಿಸಿದರು. ಎಲ್ಲರಲ್ಲಿಯೂ ಇದ್ದುದರಿಂದ ಅದನ್ನೇ ಸಹಜವೆಂದು ಅದುವರೆಗೆ ತಿಳಿಯಲಾಗಿತ್ತು. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಮತ್ತು ಸಹೋದ್ಯೋಗಿಗಳು ಶಾಲಾ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಪರೀಕ್ಷಿಸಿದರು. ಯಾವ ರೋಗಲಕ್ಷಣವೂ ಇಲ್ಲದ ಮಕ್ಕಳಲ್ಲಿಯೂ ಹಲ್ಲಿನಲ್ಲಿ ಸೀಸ ಹೆಚ್ಚಿದ್ದವರ ಬುದ್ಧಿಶಕ್ತಿ ಮತ್ತು ಗಮನಶಕ್ತಿ ಕಡಿಮೆಯಿರುವುದು ಕಂಡುಬಂದಿತು.

ಅಮೆರಿಕದಲ್ಲಿ ಪೆಟ್ರೋಲಿನಿಂದ ಸೀಸವನ್ನು ಹಂತಹಂತವಾಗಿ ತೆಗೆದುಹಾಕಿದಂತೆ ಮಕ್ಕಳ ರಕ್ತದಲ್ಲಿನ ಸರಾಸರಿ ಪ್ರಮಾಣ 1970ರ ದಶಕದ ಅಂತ್ಯದಲ್ಲಿದ್ದ ಸುಮಾರು 15 ಮೈಕ್ರೋಗ್ರಾಂನಿಂದ 1 ಮೈಕ್ರೋಗ್ರಾಂಗೂ ಕಡಿಮೆ ಮಟ್ಟಕ್ಕೆ ಇಳಿಯಿತು. ರಸ್ತೆ ವಾಹನಗಳಿಗೆ ಸೀಸಯುಕ್ತ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶವಾದ ಅಲ್ಜೀರಿಯಾ 2021ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಮೂಲವನ್ನು ತೆಗೆದರೆ ಫಲ ಖಚಿತವೆಂಬುದಕ್ಕೆ ಇದು ಅತ್ಯುತ್ತಮ ನಿದರ್ಶನ.

6. ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಸೀಸರಹಿತ ಪೆಟ್ರೋಲ್ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಲ್ಲಿ ದೊರೆಯಲಾರಂಭಿಸಿತು. 2000ದ ಫೆಬ್ರವರಿ 1ರಿಂದ ದೇಶಾದ್ಯಂತ ಜಾರಿಗೆ ಬಂದಿತು. ಅದಕ್ಕೆ ಒಂದು ವರ್ಷ ಮುಂಚೆ, 1999ರ ಫೆಬ್ರವರಿಯಲ್ಲಿ, ಸೀಸದ ವಿಷಬಾಧೆಯ ತಡೆ ಮತ್ತು ಚಿಕಿತ್ಸೆಯನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವು ಬೆಂಗಳೂರಿನಲ್ಲಿ ನಡೆಯಿತು. ಬೆಂಗಳೂರಿನ ಜಾರ್ಜ್ ಫೌಂಡೇಶನ್ ಹಲವು ನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಗಳಲ್ಲಿ, ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಅಂದಿನ ಮಿತಿಯಾದ 10 ಮೈಕ್ರೋಗ್ರಾಂ ಮೀರಿರುವುದು ಕಂಡುಬಂದಿತ್ತು. ನಂತರ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಈ ವಿಷಯಕ್ಕಾಗಿಯೇ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪನೆಯಾಯಿತು.

ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ನಿಯಂತ್ರಿಸುವ ನಿಯಮಗಳನ್ನು ಕೇಂದ್ರ ಸರ್ಕಾರವು 2016ರಲ್ಲಿ ಹೊರಡಿಸಿತು. 2017ರ ನವೆಂಬರ್ 1ರಿಂದ ಜಾರಿಯಲ್ಲಿರುವ ಈ ನಿಯಮಗಳ ಪ್ರಕಾರ ಬಣ್ಣದ ಹತ್ತು ಲಕ್ಷ ಭಾಗಗಳಲ್ಲಿ ಸೀಸವು 90 ಭಾಗಗಳನ್ನು, ಅಂದರೆ 90 ಪಿಪಿಎಂ ಅನ್ನು, ಮೀರುವಂತಿಲ್ಲ. ಕೈಗಾರಿಕಾ ಉದ್ದೇಶದ ಬಣ್ಣಗಳಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಕುಡಿಯುವ ನೀರಿನಲ್ಲಿ ಸೀಸದ ಗರಿಷ್ಠ ಮಿತಿ ಭಾರತೀಯ ಮಾನಕದಂತೆ ಲೀಟರ್‌ಗೆ 0.01 ಮಿಲಿಗ್ರಾಂ. ಬಳಸಿದ ಬ್ಯಾಟರಿಗಳ ಸಂಗ್ರಹಣೆ ಮತ್ತು ಮರುಸಂಸ್ಕರಣೆಗೆ 2001ರ ನಿಯಮಗಳ ಬದಲಿಗೆ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಗೆ ಬಂದಿವೆ.

ಆದಾಗ್ಯೂ ಸಮಸ್ಯೆ ಮುಗಿದಿಲ್ಲ. ಪ್ರಪಂಚದಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸವು 5 ಮೈಕ್ರೋಗ್ರಾಂ ಅಥವಾ ಹೆಚ್ಚು ಇದೆಯೆಂದೂ ಅವರಲ್ಲಿ ಸುಮಾರು 27.5 ಕೋಟಿ ಮಕ್ಕಳು ಭಾರತದವರೆಂದೂ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ 2020ರ ವರದಿಯು ಅಂದಾಜಿಸಿದೆ.

7. ಸೀಸದ ಇಂದಿನ ಮೂಲಗಳು

(1) ಬ್ಯಾಟರಿ: ವಾಹನ ಮತ್ತು ಇನ್ವರ್ಟರ್ ಬ್ಯಾಟರಿಗಳನ್ನು ಗುಜರಿ ಅಂಗಡಿಗಳಲ್ಲಿ ಅಥವಾ ಮನೆಯ ಹಿತ್ತಲಿನಲ್ಲಿ ಒಡೆದು ಸೀಸವನ್ನು ಕರಗಿಸುವುದು ಅತ್ಯಂತ ಅಪಾಯಕಾರಿ. ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ಡಕಾರ್ ನಗರದ ಹೊರವಲಯದಲ್ಲಿ ಇಂತಹ ಕೆಲಸದಿಂದ ಮಲಿನವಾದ ಮಣ್ಣಿನ ದೆಸೆಯಿಂದ 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗೆ 18 ಮಕ್ಕಳು ಮೃತಪಟ್ಟರು.

(2) ಹಳೆಯ ಬಣ್ಣ: ಹಳೆಯ ಕಟ್ಟಡಗಳ ಕಿಟಕಿ, ಬಾಗಿಲು, ಕಂಬಿಗಳ ಎನಾಮೆಲ್ ಬಣ್ಣ, ಹಳೆಯ ತೊಟ್ಟಿಲು ಮತ್ತು ಅಗ್ಗದ ಬಣ್ಣದ ಆಟಿಕೆಗಳು. ವಿಗ್ರಹಗಳಿಗೆ ಬಳಿಯುವ ರಾಸಾಯನಿಕ ಬಣ್ಣಗಳಲ್ಲಿ ಸೀಸವಿದ್ದರೆ ವಿಸರ್ಜನೆಯ ನಂತರ ಅದು ಕೆರೆಬಾವಿಗಳ ನೀರು ಮತ್ತು ಹೂಳಿಗೆ ಸೇರುತ್ತದೆ.

(3) ಸಾಂಬಾರ ಪದಾರ್ಥಗಳು: ಅರಿಸಿನಕ್ಕೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಬೆರೆಸುವ ಕಲಬೆರಕೆ. ಬಾಂಗ್ಲಾದೇಶದಲ್ಲಿ ಇದನ್ನು 2019ರಲ್ಲಿ ಪತ್ತೆಹಚ್ಚಿ, ಪ್ರಚಾರ ಮತ್ತು ದಂಡನಾ ಕ್ರಮಗಳನ್ನು ಕೈಗೊಂಡ ಫಲವಾಗಿ, ಪರೀಕ್ಷಿಸಿದ ಮಾರುಕಟ್ಟೆ ಮಾದರಿಗಳಲ್ಲಿ ಶೇಕಡ 47ರಷ್ಟಿದ್ದ ಕಲಬೆರಕೆ 2021ರ ವೇಳೆಗೆ ಇಲ್ಲವಾಯಿತು.

(4) ಪಾತ್ರೆಗಳು: ತಾಮ್ರ ಹಾಗೂ ಹಿತ್ತಾಳೆ ಪಾತ್ರೆಗಳಿಗೆ ಶುದ್ಧ ತವರದ ಬದಲು ಸೀಸ ಬೆರೆತ ಲೋಹದಿಂದ ಕಲಾಯಿ ಹಾಕುವುದು, ಗುಜರಿ ಲೋಹದಿಂದ ಎರಕ ಹೊಯ್ದ ಅಲ್ಯೂಮಿನಿಯಂ ಪಾತ್ರೆಗಳು, ಸೀಸದ ಮೆರುಗಿನ ಪಿಂಗಾಣಿ. ಹುಣಸೆಹಣ್ಣು, ನಿಂಬೆರಸ, ಮಜ್ಜಿಗೆ ಮುಂತಾದ ಹುಳಿ ಪದಾರ್ಥಗಳು ಸೀಸವನ್ನು ಬೇಗ ಕರಗಿಸಿಕೊಳ್ಳುತ್ತವೆ.

(5) ಸೌಂದರ್ಯ ಸಾಧನಗಳು ಮತ್ತು ಔಷಧಗಳು: ಸೀಸದ ಅದಿರಿನಿಂದ ತಯಾರಾದ ಸುರ್ಮಾ, ಕೆಂಪು ಸೀಸ ಬೆರೆತ ಸಿಂಧೂರ, ಹಾಗೂ ಪರವಾನಗಿಯಿಲ್ಲದ ತಯಾರಕರ ಭಸ್ಮಗಳು. ರಸಶಾಸ್ತ್ರದಲ್ಲಿ ನಾಗವೆಂದರೆ ಸೀಸ. ನಾಗಭಸ್ಮವು ಸೀಸದಿಂದಲೇ ತಯಾರಾಗುವ ಔಷಧ.

8. ರಕ್ತಪರೀಕ್ಷೆ

ಸೀಸದ ವಿಷಬಾಧೆಯನ್ನು ಖಚಿತಪಡಿಸುವ ಮುಖ್ಯ ಮಾರ್ಗ ರಕ್ತದಲ್ಲಿನ ಸೀಸದ ಪ್ರಮಾಣದ ಪರೀಕ್ಷೆ. ಇದು ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಸೇರಿರುವುದಿಲ್ಲ. ವೈದ್ಯರು ಪ್ರತ್ಯೇಕವಾಗಿ ಬರೆದುಕೊಡಬೇಕಾಗುತ್ತದೆ. ಬೆರಳಿನ ತುದಿಯಿಂದ ತೆಗೆದ ರಕ್ತಕ್ಕೆ ಚರ್ಮದ ಮೇಲಿನ ಧೂಳು ಸೇರುವ ಸಾಧ್ಯತೆಯಿರುವುದರಿಂದ, ಹೆಚ್ಚಿನ ಪ್ರಮಾಣ ಕಂಡುಬಂದಲ್ಲಿ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ ಪ್ರಮಾಣವು ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದಲ್ಲಿ ಸೀಸದ ಮೂಲವನ್ನು ಗುರುತಿಸಿ ನಿವಾರಿಸಬೇಕು. ಇದು ಎಷ್ಟು ಅಲ್ಪವೆಂದರೆ, ಒಂದು ಲೀಟರ್ ರಕ್ತವಿರುವ ಮಗುವಿನ ರಕ್ತದಲ್ಲಿ ಒಂದು ಗ್ರಾಂನ ಇಪ್ಪತ್ತು ಸಾವಿರದ ಒಂದು ಭಾಗದಷ್ಟು ಸೀಸವಿದ್ದರೆ ಈ ಮಟ್ಟ ತಲುಪಿದಂತಾಗುತ್ತದೆ.

ಪರೀಕ್ಷೆಗೆ ಹೋಗುವವರು ವೈದ್ಯರಿಗೆ ಈ ಕೆಳಕಂಡ ವಿವರಗಳನ್ನು ತಪ್ಪದೆ ತಿಳಿಸಬೇಕು:
(ಅ) ಕುಟುಂಬದ ಸದಸ್ಯರ ಉದ್ಯೋಗ, ವಿಶೇಷವಾಗಿ ಬ್ಯಾಟರಿ, ಬಣ್ಣ, ಬೆಸುಗೆ, ಗುಜರಿ, ಎರಕದ ಕೆಲಸ;
(ಆ) ಮನೆಯ ಸುಮಾರು ವಯಸ್ಸು ಮತ್ತು ಇತ್ತೀಚೆಗೆ ಹಳೆಯ ಬಣ್ಣ ಕೆರೆದಿದ್ದಲ್ಲಿ ಅದರ ವಿವರ;
(ಇ) ಸೇವಿಸುತ್ತಿರುವ ಎಲ್ಲ ಔಷಧಗಳು, ಭಸ್ಮ ಮತ್ತು ಲೇಹ್ಯಗಳೂ ಸೇರಿದಂತೆ;
(ಈ) ಮಗು ಮಣ್ಣು ಅಥವಾ ಸುಣ್ಣ ತಿನ್ನುವ ಅಭ್ಯಾಸ;
(ಉ) ಗರ್ಭಿಣಿಯಾಗಿದ್ದಲ್ಲಿ ಅಥವಾ ಮಗುವಿಗೆ ಹಾಲೂಡಿಸುತ್ತಿದ್ದಲ್ಲಿ ಆ ಸಂಗತಿ.

9. ಚಿಕಿತ್ಸೆ ಮತ್ತು ಅದರ ಮಿತಿ

ಸೀಸವನ್ನು ಬಂಧಿಸಿ ಮೂತ್ರದ ಮೂಲಕ ಹೊರಹಾಕುವ ಔಷಧಗಳಿವೆ. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಪ್ರಮಾಣವು 45 ಮೈಕ್ರೋಗ್ರಾಂ ಅಥವಾ ಹೆಚ್ಚಿದ್ದಾಗ ಇವುಗಳನ್ನು ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿದೆ. ತೀವ್ರ ವಿಷಬಾಧೆಯಲ್ಲಿ ಇವು ಪ್ರಾಣ ಉಳಿಸುತ್ತವೆ.

ಆದರೆ ಮಿದುಳಿಗೆ ಈಗಾಗಲೇ ಆದ ಹಾನಿಯನ್ನು ಇವು ಸರಿಪಡಿಸುವುದಿಲ್ಲ. ರಕ್ತದಲ್ಲಿ 20ರಿಂದ 44 ಮೈಕ್ರೋಗ್ರಾಂ ಸೀಸವಿದ್ದ 780 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಔಷಧ ಪಡೆದ ಮಕ್ಕಳ ರಕ್ತದ ಸೀಸ ಇಳಿಯಿತಾದರೂ ಬುದ್ಧಿಶಕ್ತಿ ಮತ್ತು ನಡವಳಿಕೆಯ ಪರೀಕ್ಷೆಗಳಲ್ಲಿ ಅವರಿಗೆ ಯಾವ ಪ್ರಯೋಜನವೂ ಕಂಡುಬರಲಿಲ್ಲ. ಅಲ್ಲದೆ ಚಿಕಿತ್ಸೆಯ ನಂತರ ಮಗು ಮತ್ತೆ ಅದೇ ಮಲಿನ ಮನೆಗೆ ಮರಳಿದರೆ ಪ್ರಮಾಣ ಪುನಃ ಏರುತ್ತದೆ. ಇಂತಹ ಮಕ್ಕಳಿಗೆ ಪೌಷ್ಟಿಕ ಆಹಾರ, ಮಾತಿನ ತರಬೇತಿ ಮತ್ತು ಕಲಿಕೆಯಲ್ಲಿ ವಿಶೇಷ ನೆರವು ಬೇಗನೆ ದೊರೆತಲ್ಲಿ ಅವರು ತಮ್ಮ ಉಳಿದ ಸಾಮರ್ಥ್ಯವನ್ನು ಚೆನ್ನಾಗಿ ಬಳಸಿಕೊಳ್ಳಬಲ್ಲರು.

10. ಸಾರ್ವಜನಿಕರು ಕೈಗೊಳ್ಳಬೇಕಾದ ಮುನ್ನೆಚ್ಚರಿಕೆಗಳು

(1) ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸವು 90 ಪಿಪಿಎಂ ಮೀರಿಲ್ಲವೆಂಬ ಒಕ್ಕಣೆ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.
(2) ಹಳೆಯ ಬಣ್ಣವನ್ನು ಒಣಗಿದಂತೆಯೇ ಉಪ್ಪುಕಾಗದದಿಂದ ಉಜ್ಜಬಾರದು. ಬೆಂಕಿಯಿಂದ ಸುಟ್ಟು ತೆಗೆಯಬಾರದು. ನೀರು ಹಾಕಿ ಒದ್ದೆಮಾಡಿ ಕೆರೆಯಬೇಕು. ಆ ಸಮಯದಲ್ಲಿ ಮಕ್ಕಳು ಹಾಗೂ ಗರ್ಭಿಣಿಯರು ಮನೆಯಲ್ಲಿರಬಾರದು.
(3) ನೆಲವನ್ನು ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಿಂದ ಒರೆಸುವುದು ಉತ್ತಮ. ಊಟಕ್ಕೆ ಮುನ್ನ ಮಕ್ಕಳ ಕೈಗಳನ್ನು ಸೋಪಿನಿಂದ ತೊಳೆಯಬೇಕು.
(4) ಬಳಸಿದ ಬ್ಯಾಟರಿಯನ್ನು ಹೊಸ ಬ್ಯಾಟರಿ ಮಾರುವವರಿಗೆ ಅಥವಾ ನೋಂದಾಯಿತ ಸಂಗ್ರಹಕಾರರಿಗೆ ಮಾತ್ರ ನೀಡಬೇಕು. ಮನೆಯಲ್ಲಿ ಒಡೆಯಬಾರದು.
(5) ಸೀಸದ ಕೆಲಸ ಮಾಡುವವರು ಕೆಲಸದ ಸ್ಥಳದಲ್ಲಿಯೇ ಸ್ನಾನ ಮಾಡಿ ಬಟ್ಟೆ ಬದಲಿಸಿ ಮನೆಗೆ ಬರಬೇಕು. ಆ ಬಟ್ಟೆಗಳನ್ನು ಮನೆಯವರ ಬಟ್ಟೆಗಳೊಡನೆ ಒಗೆಯಬಾರದು.
(6) ಸಡಿಲವಾಗಿ ಮಾರುವ, ಅಸಹಜ ಹೊಳಪಿನ ಅರಿಸಿನ ಪುಡಿಯನ್ನು ಕೊಳ್ಳಬಾರದು. ಅರಿಸಿನ ಕೊಂಬನ್ನು ತಂದು ತೊಳೆದು ಒಣಗಿಸಿ ಪುಡಿಮಾಡಿಸುವುದು ಮೇಲು. ತೊಳೆಯುವಾಗ ನೀರಿಗೆ ಗಾಢ ಹಳದಿ ಬಣ್ಣ ಬಿಟ್ಟರೆ ಅಂತಹ ಕೊಂಬನ್ನು ಬಳಸಬಾರದು.
(7) ಮಕ್ಕಳ ಕಣ್ಣಿಗೆ ಸುರ್ಮಾ ಹಚ್ಚಬಾರದು.
(8) ರಾಗಿ, ಹಾಲು, ಸೊಪ್ಪು, ಕಾಳು ಮುಂತಾದ ಕ್ಯಾಲ್ಸಿಯಂ ಹಾಗೂ ಕಬ್ಬಿಣಯುಕ್ತ ಆಹಾರವನ್ನು ಮಕ್ಕಳಿಗೂ ಗರ್ಭಿಣಿಯರಿಗೂ ಹೊತ್ತುಹೊತ್ತಿಗೆ ನೀಡಬೇಕು.

11. ದೂರು ಮತ್ತು ಪರಿಹಾರ

ವೃತ್ತಿನಿರತ ಕಾರ್ಮಿಕರು: ಸೀಸದ ವಿಷಬಾಧೆಯನ್ನು 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಕಡ್ಡಾಯವಾಗಿ ವರದಿಮಾಡಬೇಕಾದ ರೋಗವೆಂದು ಸೇರಿಸಲಾಗಿತ್ತು. 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯ ಮೂರನೆಯ ಅನುಸೂಚಿಯಲ್ಲಿಯೂ ಅದು ಇದೆ. ಇದನ್ನು ಪರಿಹಾರಕ್ಕೆ ಅರ್ಹವಾದ ವೃತ್ತಿರೋಗವೆಂದು 1923ರ ಪರಿಹಾರ ಕಾಯ್ದೆಯಲ್ಲಿ ಪರಿಗಣಿಸಲಾಗಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಹಾಗೆಯೇ ಪರಿಗಣಿಸಲಾಗಿದೆ. ಕಾರ್ಮಿಕರು ತಮ್ಮ ರಕ್ತಪರೀಕ್ಷೆಯ ವರದಿ ಮತ್ತು ಉದ್ಯೋಗದ ದಾಖಲೆಗಳನ್ನು ಜೋಪಾನವಾಗಿಟ್ಟುಕೊಳ್ಳಬೇಕು.

ಅಕ್ರಮ ಬ್ಯಾಟರಿ ಒಡೆಯುವಿಕೆ: ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಸ್ಥಳದ ವಿವರಗಳೊಡನೆ ಲಿಖಿತ ದೂರು ಸಲ್ಲಿಸಬಹುದು.

ಆಹಾರ ಕಲಬೆರಕೆ: ಆಹಾರ ಸುರಕ್ಷತಾ ಅಧಿಕಾರಿಗೆ ದೂರು ನೀಡಬಹುದು. ಅಲ್ಲದೆ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೆಯ ಪ್ರಕರಣದಂತೆ ಯಾವುದೇ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ, ತಾವು ಕೊಂಡ ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳಬಹುದು. ಕೊಳ್ಳುವ ಸಮಯದಲ್ಲಿಯೇ ಈ ಉದ್ದೇಶವನ್ನು ಮಾರಾಟಗಾರರಿಗೆ ತಿಳಿಸಬೇಕು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರ: ಮಗು ಪೆನ್ಸಿಲ್ ಕಚ್ಚುತ್ತದೆ. ಸೀಸಕಡ್ಡಿಯಲ್ಲಿ ಸೀಸವಿರುತ್ತದೆಯೇ?
ಉ: ಇಲ್ಲ. ಹೆಸರು ಹಾಗಿದ್ದರೂ ಅದರೊಳಗಿರುವುದು ಗ್ರಾಫೈಟ್ ಎಂಬ ಇಂಗಾಲದ ರೂಪ. ಆದರೆ ಕಡ್ಡಿಯ ಹೊರಮೈಯ ಬಣ್ಣದ ಗುಣಮಟ್ಟ ತಿಳಿಯದಿರುವುದರಿಂದ ಕಚ್ಚುವ ಅಭ್ಯಾಸ ಬಿಡಿಸುವುದು ಒಳ್ಳೆಯದು.

ಪ್ರ: ನೀರನ್ನು ಕುದಿಸಿದರೆ ಸೀಸ ಹೋಗುತ್ತದೆಯೇ?
ಉ: ಇಲ್ಲ. ಕುದಿಸುವುದರಿಂದ ಕ್ರಿಮಿಗಳು ಸಾಯುತ್ತವೆ, ಲೋಹ ಉಳಿಯುತ್ತದೆ. ನೀರು ಬತ್ತುವುದರಿಂದ ಅದರ ಸಾಂದ್ರತೆ ಸ್ವಲ್ಪ ಹೆಚ್ಚಬಹುದು.

ಪ್ರ: ಮಗು ಆರೋಗ್ಯವಾಗಿದೆ. ಪರೀಕ್ಷೆ ಬೇಕೆ?
ಉ: ಮನೆಯವರು ಸೀಸದ ಕೆಲಸದಲ್ಲಿದ್ದರೆ, ಹತ್ತಿರದಲ್ಲಿ ಬ್ಯಾಟರಿ ಒಡೆಯುವ ಅಥವಾ ಸೀಸ ಕರಗಿಸುವ ಸ್ಥಳವಿದ್ದರೆ, ಅಥವಾ ಮಗು ಮಣ್ಣು ತಿನ್ನುತ್ತಿದ್ದರೆ ಲಕ್ಷಣಗಳಿಲ್ಲದಿದ್ದರೂ ವೈದ್ಯರ ಸಲಹೆ ಪಡೆದು ಪರೀಕ್ಷೆ ಮಾಡಿಸುವುದು ಸೂಕ್ತ.

ಪ್ರ: ಮಗುವಿಗೆ ಸೆಳವು ಬಂದರೆ ಏನು ಮಾಡಬೇಕು?
ಉ: ಕಾರಣ ಯಾವುದೇ ಇರಲಿ, ಕೂಡಲೇ 108 ಸಂಖ್ಯೆಗೆ ಕರೆಮಾಡಿ ಆಸ್ಪತ್ರೆಗೆ ಕರೆದೊಯ್ಯಬೇಕು. ಸೀಸದ ಸಂಪರ್ಕದ ಶಂಕೆಯಿದ್ದಲ್ಲಿ ವೈದ್ಯರಿಗೆ ತಿಳಿಸಬೇಕು.

ಪ್ರ: ವೈದ್ಯರು ಬರೆದುಕೊಟ್ಟ ಆಯುರ್ವೇದ ಔಷಧವನ್ನು ನಿಲ್ಲಿಸಬೇಕೆ?
ಉ: ತಾವಾಗಿಯೇ ನಿಲ್ಲಿಸದೆ ಔಷಧ ಕೊಟ್ಟ ವೈದ್ಯರನ್ನು ಅದರಲ್ಲಿರುವ ಲೋಹಗಳ ಬಗ್ಗೆ ವಿಚಾರಿಸಬೇಕು. ಹೆಸರು, ತಯಾರಕರ ಪರವಾನಗಿ ಸಂಖ್ಯೆ ಹಾಗೂ ಘಟಕಗಳ ವಿವರಗಳಿಲ್ಲದ ಪುಡಿ, ಗುಳಿಗೆಗಳನ್ನು ಮಕ್ಕಳಿಗೂ ಗರ್ಭಿಣಿಯರಿಗೂ ನೀಡಲೇಬಾರದು.

ಸೀಸದ ವಿಷಬಾಧೆಯು ಸಂಪೂರ್ಣವಾಗಿ ತಡೆಗಟ್ಟಬಹುದಾದ ರೋಗವಾಗಿದೆ. ಸಾರ್ವಜನಿಕರು ಮೇಲ್ಕಂಡ ಮಾಹಿತಿಯನ್ನು ಉಪಯೋಗಿಸಿಕೊಂಡು, ಸಂಶಯವಿದ್ದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಲು ಹಾಗೂ ಆರೋಗ್ಯ ಸಹಾಯವಾಣಿ 104ರ ನೆರವು ಪಡೆಯಲು ಕೋರಲಾಗಿದೆ.